ಗಿರಿಜಕ್ಕ ಮತ್ತು ಮಾತಾಡದೆ ಬಂದವರು

ಆ ಮಧ್ಯಾಹ್ನ ಕಬಕದ ನನ್ನ ಅಂಗಡಿಯಲ್ಲಿ ನಾವು ನಾಲ್ವರಿದ್ದೆವು. ಕಂಪ್ಯೂಟರಿನ ಮುಂದೆ ನಾನು. ಪಕ್ಕದ ಸ್ಟೂಲಿನ ಮೇಲೆ, ಕೊಡೆಯನ್ನು ಮೊಣಕಾಲುಗಳ ನಡುವೆ ಊರಿಕೊಂಡು ಗಿರಿಜಕ್ಕ. ಎದುರಿನ ಬೆಂಚಿನಲ್ಲಿ ಆಲಂಕಾರಿನಿಂದ ಬಂದ ಚೆನ್ನಪ್ಪಣ್ಣ ಮತ್ತು ಅವರ ಹೆಂಡತಿ ಲಲಿತಕ್ಕ. ನನ್ನದು ಮದುವೆ ಕಾಗದ, ಫ್ಲೆಕ್ಸು, ಹೀಗೆ ಏನೆಲ್ಲ ಮಾಡುವ ಅಂಗಡಿ. ಗಿರಿಜಕ್ಕ ಪುತ್ತೂರು, ಸುಳ್ಯ, ಕಡಬ ಮೂರೂ ತಾಲೂಕು ತಿರುಗುವ ಮದುವೆ ದಲ್ಲಾಳಿ. ಅವರಿಗೊಂದು ವೆಬ್‌ಸೈಟು ಮಾಡಿಕೊಟ್ಟವನೂ ಅದನ್ನು ನೋಡಿಕೊಳ್ಳುವವನೂ ನಾನೇ ಆದ್ದರಿಂದ ಅವರ ಅರ್ಧ ಆಫೀಸು ನನ್ನ ಅಂಗಡಿಯಲ್ಲೇ ಇತ್ತು.

"ಮಕ್ಕಳು ಎಷ್ಟು?" ಎಂದು ಗಿರಿಜಕ್ಕ ಕೇಳಿದರು.

"ಒಬ್ಳೇ, ಅಶ್ವಿನಿ," ಎಂದರು ಚೆನ್ನಪ್ಪಣ್ಣ.

ಗಿರಿಜಕ್ಕ ತಲೆಯಾಡಿಸಲಿಲ್ಲ. ಮುಂದಿನ ಪ್ರಶ್ನೆಗೂ ಹೋಗಲಿಲ್ಲ. ಲಲಿತಕ್ಕನ ಮುಖ ನೋಡುತ್ತ ಸುಮ್ಮನೆ ಕುಳಿತರು. ಚೆನ್ನಪ್ಪಣ್ಣ ಕೆಮ್ಮಿದರು. ಲಲಿತಕ್ಕ ಸೆರಗನ್ನು ಸರಿಮಾಡಿಕೊಂಡು, ಅದು ಸರಿಯೇ ಇದ್ದದ್ದರಿಂದ ಮತ್ತೊಮ್ಮೆ ಸರಿಮಾಡಿಕೊಂಡು, "ಇಬ್ರು," ಎಂದರು.

ಗಿರಿಜಕ್ಕನ ಕ್ರಮವೇ ಅದು. ಬೇರೆ ದಲ್ಲಾಳಿಗಳು ಮೊದಲು ಕೆಲಸ, ಆಮೇಲೆ ತೋಟ, ಆಮೇಲೆ ಜಾತಕ ಕೇಳುತ್ತಾರೆ. ಇವರು ಮಕ್ಕಳೆಷ್ಟು ಎಂದು ಕೇಳಿ, ಅಪ್ಪ ಉತ್ತರ ಹೇಳಿದ ಮೇಲೆ ತಾಯಿಯ ಮುಖ ನೋಡಿ ಕಾಯುತ್ತಿದ್ದರು. ನಾನೊಮ್ಮೆ ಯಾಕೆಂದು ಕೇಳಿದ್ದಕ್ಕೆ, "ಅಪ್ಪಂದಿರು ಇದ್ದವರನ್ನು ಲೆಕ್ಕ ಹಾಕ್ತಾರೆ ಸತೀಶ. ತಾಯಿ ಹೆತ್ತವರನ್ನು ಲೆಕ್ಕ ಹಾಕುದು. ಉತ್ತರ ಹೇಳುವ ಮೊದಲು ಒಂದು ಉಸಿರು ತೆಗೆದ್ಲು ಅಂದ್ರೆ ಅಲ್ಲಿ ಇನ್ನೊಂದು ಉಂಟು," ಎಂದಿದ್ದರು.

ಲಲಿತಕ್ಕನ ಲೆಕ್ಕದಲ್ಲಿದ್ದ ಇನ್ನೊಬ್ಬಳು ಹರಿಣಾಕ್ಷಿ. ಅಶ್ವಿನಿಗಿಂತ ದೊಡ್ಡವಳು. ತೊಟ್ಟಿಲಿಗೆ ಹಾಕಿ ಹೆಸರಿಟ್ಟ ಮೇಲೆ ಹೆಚ್ಚು ದಿನ ಉಳಿಯಲಿಲ್ಲ. ನಮ್ಮ ಕಡೆಯ ನಂಬಿಕೆಯಲ್ಲಿ ಹಾಗೆ ಹೋದ ಮಕ್ಕಳು ಅಲ್ಲಿಗೇ ನಿಲ್ಲುವುದಿಲ್ಲ. ನಮ್ಮ ಕಣ್ಣಿಗೆ ಕಾಣದ ಕಡೆ ವರ್ಷ ವರ್ಷ ಬೆಳೆಯುತ್ತಾರೆ, ಮದುವೆಯ ಪ್ರಾಯಕ್ಕೆ ಬರುತ್ತಾರೆ. ಅವರಿಗೆ ಕುಲೆ ಎನ್ನುತ್ತೇವೆ. ದೊಡ್ಡವಳನ್ನು ಬಿಟ್ಟು ಚಿಕ್ಕವಳಿಗೆ ಗಂಡು ನೋಡಿದರೆ ದೊಡ್ಡವಳಿಗೆ ಬೇಸರವಾಗದೇ? ಅಶ್ವಿನಿಗೆ ಬಂದ ಸಂಬಂಧಗಳೆಲ್ಲ ಒಂದೊಂದಾಗಿ ತಪ್ಪಿಹೋಗಿದ್ದವು. ಈಗ ಕಲ್ಲುಗುಂಡಿಯ ಹುಡುಗನೊಬ್ಬ ಒಪ್ಪಿದ್ದ, ಅಶ್ವಿನಿಯೂ ಅವನನ್ನು ಮನಸ್ಸಿಗೆ ಹಚ್ಚಿಕೊಂಡಿದ್ದಳು. ಆದರೆ ಹುಡುಗನ ಮನೆಯವರು ಜೋಯಿಸರಲ್ಲಿ ಪ್ರಶ್ನೆ ಇಡಿಸಿ, ಮಳೆಗಾಲದ ಆಟಿ ತಿಂಗಳು ಮುಗಿಯುವುದರೊಳಗೆ ಅಕ್ಕನ ಮದುವೆ ಆಗಬೇಕು, ಇಲ್ಲದಿದ್ದರೆ ನಾವು ಬೇರೆ ಕಡೆ ನೋಡುತ್ತೇವೆ ಎಂದುಬಿಟ್ಟಿದ್ದರು. ಹರಿಣಾಕ್ಷಿಗೆ ಗಂಡು ಬೇಕು. ಅವಳ ಹಾಗೆಯೇ ಹೋದವನು. ಜಾತಿ ಅದೇ, ಆದರೆ ಬರಿ ಬೇರೆ. ಬರಿ ಎಂದರೆ ತಾಯಿಯ ಕಡೆಯಿಂದ ಬರುವ ಕುಲ. ಒಂದೇ ಬರಿಯವರು ಅಣ್ಣ ತಂಗಿ ಆಗುತ್ತಾರೆ, ಇಲ್ಲಿಯೂ ಸರಿ, ಅಲ್ಲಿಯೂ ಸರಿ.

"ಸೈಟಿಗೆ ಹಾಕುವ," ಎಂದರು ಗಿರಿಜಕ್ಕ.

ಆ ಸೈಟಿನ ಮೇಲೆ ಅವರಿಗಿದ್ದ ಪ್ರೀತಿಯ ಬಗ್ಗೆ ಸ್ವಲ್ಪ ಹೇಳಬೇಕು. ವಾರಕ್ಕೊಮ್ಮೆ ಬಂದು ಹುಡುಕಾಟದ ವರದಿ ತೆಗೆಸುತ್ತಿದ್ದರು. ಜನ ಫೋನಿನಲ್ಲಿ ಏನೋ ಹುಡುಕುವಾಗ ಪಟ್ಟಿಯಲ್ಲಿ ನಮ್ಮ ಹೆಸರು ಎಷ್ಟು ಸಲ ಕಂಡಿತು, ಅದನ್ನು ಒತ್ತಿ ಒಳಗೆ ಬಂದವರು ಎಷ್ಟು, ಪಟ್ಟಿಯಲ್ಲಿ ನಾವು ಎಷ್ಟನೆಯವರು, ಇದೆಲ್ಲ ಅದರಲ್ಲಿ ಇರುತ್ತದೆ. ನಾನು ಇಂಪ್ರೆಷನ್, ಕ್ಲಿಕ್, ಪೊಸಿಷನ್ ಎಂದು ವಿವರಿಸಿದೆ. ಅವರು ಕೇಳಿಸಿಕೊಂಡು ತಮ್ಮದೇ ಹೆಸರು ಇಟ್ಟುಕೊಂಡರು. ಇಂಪ್ರೆಷನ್ ಎಂದರೆ "ರಸ್ತೆಯಲ್ಲಿ ಹೋಗುವಾಗ ನಮ್ಮ ಮನೆ ಕಡೆ ಕಣ್ಣು ಹಾಕಿದವರು". ಕ್ಲಿಕ್ ಎಂದರೆ "ಅಂಗಳಕ್ಕೆ ಇಳಿದವರು". ಬಂದು ಒಂದು ಪುಟವನ್ನೂ ಸರಿಯಾಗಿ ನೋಡದೆ ಹಿಂದೆ ಹೋದರೆ "ಬೆಲ್ಲ ನೀರು ಕುಡಿಯದೆ ಹೋದವರು". ಪೊಸಿಷನ್ ಎಂದರೆ ಮದುವೆ ಹಾಲಿನಲ್ಲಿ ಎಷ್ಟನೇ ಸಾಲಿನ ಕುರ್ಚಿ ಎಂದು. ಎರಡನೇ ಪುಟಕ್ಕೆ ಬಿದ್ದರೆ ನಾವು ಹೊರಗೆ ಚಪ್ಪಲಿ ಕಾಯುವವರು.

ಒಂದು ಸಲ ಕಣ್ಣು ಹಾಕಿದವರ ಸಂಖ್ಯೆ ಏರುತ್ತಲೇ ಹೋಗಿ, ಇಳಿದವರ ಸಂಖ್ಯೆ ಇದ್ದಲ್ಲೇ ಇತ್ತು. ಗಿರಿಜಕ್ಕ ಕನ್ನಡಕ ಏರಿಸಿ ನೋಡಿದರು.

"ಇಷ್ಟು ಜನ ನೋಡ್ತಾರೆ, ಒಬ್ರೂ ಇಳಿಯುದಿಲ್ಲ. ಗೇಟಿನಲ್ಲಿ ನಾಯಿ ಕಟ್ಟಿದ್ದೀಯಾ ನೀನು?"

"ಎಂತ ನಾಯಿ ಗಿರಿಜಕ್ಕ?"

"ಇದಾ, ಇಲ್ಲಿ. ಹೆಸರಿನ ಕೆಳಗೆ ಎಂತ ಬರ್ದಿದ್ದಿ? ನೋಂದಣಿ ಕಡ್ಡಾಯ! ಕೋರ್ಟಾ ಇದು ಮಾರಾಯ? ಅದನ್ನು ತೆಗ್ದು, ಬನ್ನಿ ಮಾತಾಡುವ ಅಂತ ಬರಿ."

ಬರೆದೆ. ಮುಂದಿನ ವರದಿಯಲ್ಲಿ ಜನ ಇಳಿಯತೊಡಗಿದ್ದರು. ಗಿರಿಜಕ್ಕ ಬೀಗಲಿಲ್ಲ, ಆದರೆ ಆ ದಿನದ ಚಹಾ ತಮ್ಮ ಲೆಕ್ಕಕ್ಕೆ ಎಂದರು.

ಅವರಿಗೆ ಎಲ್ಲಕ್ಕಿಂತ ಇಷ್ಟವಾಗುತ್ತಿದ್ದದ್ದು ಜನ ಹುಡುಕುವಾಗ ಬರೆದ ಮಾತುಗಳು. ಅವನ್ನು ಗಟ್ಟಿಯಾಗಿ ಓದಿ ಪರದೆಗೇ ಉತ್ತರ ಕೊಡುತ್ತಿದ್ದರು. "ಎರಡನೇ ಮದುವೆ ಕಡಬ. ಉಂಟು, ಉಂಟು, ಫೋನು ಮಾಡಿ." "ಹೆಚ್ಚು ಮಾತಾಡದ ಹುಡುಗ ಸುಳ್ಯ. ಇದು ಹುಡುಗಿಯೇ ಬರ್ದದ್ದು ನೋಡು. ಮನೆಯಲ್ಲಿ ಅಪ್ಪಂದು ದೊಡ್ಡ ಬಾಯಿ, ಅದಕ್ಕೆ." ಅಂಗಡಿಗೆ ಬಂದ ಗಿರಾಕಿಗಳು ಇವರು ಯಾರೊಂದಿಗೆ ಮಾತಾಡುತ್ತಿದ್ದಾರೆ ಎಂದು ಹಿಂದೆ ಮುಂದೆ ನೋಡುತ್ತಿದ್ದರು.

ಅವರ ನಿಯಮ ಒಂದೇ. ಸಂಬಂಧ ಕೂಡಿದ ದಿನವೇ ಹುಡುಗಿಯ ಪುಟ ಸೈಟಿನಿಂದ ಹೋಗಬೇಕು. ಕೂಡಿದ ಮೇಲೆಯೂ ನಾಲ್ಕು ಜನ ಕಣ್ಣು ಹಾಕುತ್ತ ಇರುವುದು ಒಳ್ಳೆಯದಲ್ಲ ಎನ್ನುತ್ತಿದ್ದರು. ಚೆನ್ನಪ್ಪಣ್ಣನಿಗೂ ಅದನ್ನೇ ಹೇಳಿದರು.

ಹರಿಣಾಕ್ಷಿಯ ಪುಟವನ್ನು ಅವರು ಹೇಳಿದಂತೆ ಟೈಪು ಮಾಡಿದೆ. ಹೆಸರು, ಊರು, ಬರಿ, ನಕ್ಷತ್ರ. ವಯಸ್ಸು ಇಪ್ಪತ್ತೇಳು ನಡೆಯುತ್ತಿದೆ. ನನ್ನ ಕೈ ನಿಂತಿತು.

"ಗಿರಿಜಕ್ಕ, ಇವಳು ಇಲ್ಲ ಅಂತ ಬರೆಯುದು ಬೇಡ್ವಾ?"

"ಯಾರು ಇಲ್ಲ? ಇದ್ದಾಳೆ ಅಂತಲೇ ಅಲ್ವಾ ಮದುವೆ ಮಾಡುದು? ಇಲ್ಲದವಳಿಗೆ ಯಾರಾದ್ರೂ ಗಂಡು ಹುಡುಕ್ತಾರಾ? ಆಟಿಯಲ್ಲಿ ಮದುವೆ ಅಂತ ಸೇರಿಸು ಸಾಕು. ತಿಳಿಯುವವರಿಗೆ ತಿಳೀತದೆ."

ಬದುಕಿರುವವರ ಮದುವೆಯನ್ನು ಆಟಿಯಲ್ಲಿ ನಮ್ಮಲ್ಲಿ ಯಾರೂ ಮಾಡುವುದಿಲ್ಲ. ಆದರೆ ಫೋನಿನಲ್ಲಿ ಓದುವವರು ಅಷ್ಟು ನಿಧಾನಕ್ಕೆ ಓದುತ್ತಾರೆಯೇ? ಆಲಂಕಾರಿನ ಹುಡುಗಿ ಎಂದು ಹುಡುಕಿದವರಿಗೆಲ್ಲ ಹರಿಣಾಕ್ಷಿ ಮುಂದಿನ ಸಾಲಿನ ಕುರ್ಚಿಯಲ್ಲೇ ಸಿಗತೊಡಗಿದಳು. ಒಂದು ದಿನ ಗಿರಿಜಕ್ಕನಿಗೆ ಫೋನು ಬಂತು. ಸ್ಪೀಕರಿನಲ್ಲಿ ಇತ್ತು, ನಾನೂ ಕೇಳಿದೆ. ವಿಟ್ಲ ಕಡೆಯ ಹೆಂಗಸು.

"ಹುಡುಗಿ ಎಷ್ಟು ಓದಿದ್ದಾಳೆ?"

"ಓದ್ಲಿಲ್ಲ."

"ಅದು ಅಡ್ಡಿಯಿಲ್ಲ. ಸ್ವಭಾವ ಹೇಗೆ?"

"ಒಂದು ಮಾತು ಆಡುದಿಲ್ಲ."

"ಹಾಗಾದ್ರೆ ನಮ್ಮ ಹುಡುಗನಿಗೆ ಆಗ್ತದೆ! ಒಂದು ಫೋಟೋ ಕಳಿಸಿ ಮಾರಾಯ್ರೆ. ಮತ್ತೆ ಈ ಆಟಿಯಲ್ಲೇ ಆಗ್ಬೇಕು ಅಂತ ಅಂಬರ್ಪು, ಅವಸರ ಎಂತಕ್ಕೆ?"

ನಾನು ನಗು ತಡೆಯಲು ಬಾಯಿಗೆ ಕೈ ಒತ್ತಿಕೊಂಡಿದ್ದೆ. ಗಿರಿಜಕ್ಕ ನಗಲಿಲ್ಲ. "ಅವಳು ತೊಟ್ಟಿಲಲ್ಲೇ ಹೋದವಳು ಅಮ್ಮ," ಎಂದು ಮೆಲ್ಲಗೆ ಹೇಳಿದರು. ಆ ಕಡೆಯವರು ಫೋನು ಇಟ್ಟರು. ನನ್ನ ನಗು ಎಲ್ಲಿಗೋ ಹೋಯಿತು.

ಅಂಥ ಕರೆಗಳು ಇನ್ನೂ ಬಂದವು. ಬೇಕಾದವನು ಮಾತ್ರ ಬರಲಿಲ್ಲ. ಆಟಿ ಶುರುವಾಯಿತು. ಗಿರಿಜಕ್ಕ ಮೂರೂ ತಾಲೂಕು ಅಲೆದರು. ಬರಿ ಕೂಡಿದರೆ ಜಾತಿ ಕೂಡದು, ಎರಡೂ ಕೂಡಿದರೆ ಅವನಿಗೆ ಹೋದ ವರ್ಷವೇ ಮದುವೆ ಆಗಿದೆ.

ಆ ದಿನಗಳಲ್ಲೇ ನಾನು ಆ ಪುಟದ ವರದಿಯಲ್ಲಿ ಒಂದನ್ನು ಗಮನಿಸಿದ್ದು. ಹರಿಣಾಕ್ಷಿಯ ಪುಟಕ್ಕೆ ಇಳಿದವರ ಒಟ್ಟು ಸಂಖ್ಯೆ ಮೇಲೆ ಬರೆದಿತ್ತು. ಅವರು ಯಾವ ಮಾತು ಬರೆದು ಬಂದರು ಎಂಬುದು ಕೆಳಗೆ ಬಿಡಿಸಿತ್ತು. ಕೆಳಗಿನದನ್ನು ಎಷ್ಟು ಕೂಡಿಸಿದರೂ ಮೇಲಿನದಕ್ಕೆ ಬರುತ್ತಿರಲಿಲ್ಲ. ಬೇರೆ ಪುಟಗಳಲ್ಲೂ ಅಷ್ಟಿಷ್ಟು ಹಾಗೆ ಇರುತ್ತದೆ. ಇಲ್ಲಿ ಮಾತ್ರ ಅರ್ಧಕ್ಕರ್ಧ ಕಾಣೆಯಾಗಿತ್ತು.

"ಇವರೆಲ್ಲ ಎಲ್ಲಿ?" ಎಂದು ಗಿರಿಜಕ್ಕ ಕೇಳಿದರು.

"ಒಬ್ರೋ ಇಬ್ರೋ ಮಾತ್ರ ಹುಡುಕುವ ಮಾತನ್ನು ಅದು ತೋರಿಸುದಿಲ್ಲ. ಯಾರು ಅಂತ ಗೊತ್ತಾಗ್ಬಾರ್ದು ಅಂತ ಮುಚ್ಚಿಡ್ತದೆ. ಬಂದದ್ದನ್ನು ಲೆಕ್ಕಕ್ಕೆ ಹಿಡೀತದೆ, ಎಂತ ಕೇಳಿಕೊಂಡು ಬಂದ್ರು ಅಂತ ಹೇಳುದಿಲ್ಲ."

"ಊರು?"

"ಮಂಗಳೂರು ಅಂತ ಉಂಟು. ಕೆಲವು ಸಲ ಬೆಂಗಳೂರು. ನಮ್ಮಲ್ಲಿ ಯಾರ ಮೊಬೈಲಿನಿಂದ ಬಂದ್ರೂ ಹಾಗೆಯೇ ಬೀಳ್ತದೆ, ಅದನ್ನು ನಂಬ್ಲಿಕ್ಕಾಗುದಿಲ್ಲ."

ಗಿರಿಜಕ್ಕ ಪರದೆಯನ್ನು ಬಹಳ ಹೊತ್ತು ನೋಡಿದರು. "ಮಾತಾಡದೆ ಬಂದವರು," ಎಂದರು. ಮಕ್ಕಳೆಷ್ಟು ಎಂದು ಕೇಳಿ ಕಾಯುತ್ತಾರಲ್ಲ, ಹಾಗೆ ಆ ಸಂಖ್ಯೆಯ ಮುಂದೆ ಕಾದರು.

ಅಲ್ಲಿಂದ ನನಗೆ ಅದೊಂದು ಗೀಳಾಯಿತು. ಬೆಳಿಗ್ಗೆ ಅಂಗಡಿ ತೆರೆದು ದೀಪ ಹಚ್ಚಿದ ಕೂಡಲೇ ಆ ವರದಿ ತೆಗೆಯುವುದು. ದಿನವೂ ಬಂದು ಹೋದ ಗುರುತು ಇರುತ್ತಿತ್ತು. ಬಂದವರು ಬೇರೆ ಪುಟಕ್ಕೆ ಕಾಲಿಡುತ್ತಿರಲಿಲ್ಲ, ಫೋನು ನಂಬರನ್ನು ಮುಟ್ಟುತ್ತಿರಲಿಲ್ಲ, ಆದರೆ ಅಲ್ಲೇ ನಿಮಿಷಗಟ್ಟಲೆ ನಿಲ್ಲುತ್ತಿದ್ದರು. ನಾಲ್ಕು ಸಾಲಿನ ಆ ಪುಟದಲ್ಲಿ ಅಷ್ಟು ಹೊತ್ತು ನಿಂತು ಏನು ಓದುತ್ತಾರೆ? ಹಗಲು ಹೊತ್ತು, ಎದುರಿಗೆ ಬಸ್ಸುಗಳ ಗಲಾಟೆ, ಪಕ್ಕದ ಹೋಟೆಲಿನ ಒಗ್ಗರಣೆ ಮೂಗಿಗೆ ಬರುತ್ತಿದೆ; ಆದರೂ ಬೆನ್ನ ಹಿಂದೆ ಯಾರೋ ಬಂದು ನಿಂತ ಹಾಗೆ ಆಗಿ ನಾನು ತಿರುಗಿ ನೋಡುತ್ತಿದ್ದೆ.

ಆಟಿ ಅರ್ಧ ಕಳೆಯಿತು. ಗಂಡು ಸಿಗಲಿಲ್ಲ ಎಂದು ಫೋನಿನಲ್ಲಿ ಹೇಳಲು ಮನಸ್ಸಾಗದೆ ಗಿರಿಜಕ್ಕ ಆಲಂಕಾರಿಗೆ ಹೊರಟರು, ನನ್ನನ್ನೂ ಕರೆದರು. ಚೆನ್ನಪ್ಪಣ್ಣ ಪೇಟೆಗೆ ಹೋಗಿದ್ದರು. ಬಾಗಿಲು ತೆರೆದೇ ಇತ್ತು. ಜಗಲಿಗೆ ಹತ್ತಿ ಇನ್ನೇನು ಕೂಗಬೇಕು, ಒಳಗಿನಿಂದ ಲಲಿತಕ್ಕನ ಸ್ವರ ಕೇಳಿತು. ಊಟಕ್ಕೆ ಎಬ್ಬಿಸುವಾಗ ತಾಯಂದಿರು ಎಳೆದು ಕರೆಯುವ ಸ್ವರ.

"ಹರಿಣಾಕ್ಷೀ. ಆಲಂಕಾರು ಹರಿಣಾಕ್ಷೀ."

ಗಿರಿಜಕ್ಕ ನನ್ನ ರಟ್ಟೆ ಹಿಡಿದುಕೊಂಡರು. ಒಳಗೆ ಯಾರೂ ಓಗೊಡಲಿಲ್ಲ. ಸ್ವಲ್ಪ ಹೊತ್ತಿಗೆ ಲಲಿತಕ್ಕ ಹೊರಗೆ ಬಂದರು, ನಮ್ಮನ್ನು ಕಂಡು ನಿಂತರು. ಕೈಯಲ್ಲಿ ಮೊಬೈಲು. ಅದರಲ್ಲಿ ನಾನು ಟೈಪು ಮಾಡಿದ ನಾಲ್ಕು ಸಾಲು.

ಅವರಿಗೆ ಫೋನಿನಲ್ಲಿ ಬರೆಯಲು ಅಭ್ಯಾಸವಿರಲಿಲ್ಲ. ಮೈಕಿನ ಗುರುತು ಒತ್ತಿ ಹೇಳಿದರೆ ಅದೇ ಹುಡುಕುತ್ತದೆ ಎಂದು ಅಶ್ವಿನಿ ಯಾವಾಗಲೋ ತೋರಿಸಿಕೊಟ್ಟಿದ್ದಳಂತೆ.

"ಕರೆದ್ರೆ ಬರ್ತಾಳೆ ಗಿರಿಜಕ್ಕ," ಎಂದರು ಲಲಿತಕ್ಕ. "ಅವಳ ಹೆಸರು ಈ ಮನೆಯಲ್ಲಿ ಎತ್ತಬಾರ್ದು ಅಂತ ಹಿರಿಯರು ಹೇಳಿದ್ರು. ಇಷ್ಟು ವರ್ಷ ನಾನು ಎತ್ತಲಿಲ್ಲ. ಒಂದು ಫೋಟೋ ಇಲ್ಲ, ಒಂದು ಕಾಗದ ಇಲ್ಲ. ಈಗ ಇದ್ರಲ್ಲಿ ಹೆಸರು ಉಂಟು, ಪ್ರಾಯ ಉಂಟು. ಹೆಸರು ಹಿಡಿದು ಕರೆದ ಕೂಡ್ಲೇ ಎದುರು ಬಂದು ನಿಲ್ತಾಳೆ."

ಗಿರಿಜಕ್ಕ ಜಗಲಿಯ ಅಂಚಿನಲ್ಲಿ ಕುಳಿತರು.

"ಗಂಡು ಸಿಕ್ಕಿದ ದಿನವೇ ತೆಗೀತೀರಿ ಅಲ್ವಾ ಇದನ್ನು?" ಎಂದರು ಲಲಿತಕ್ಕ.

"ಅದು ಕ್ರಮ."

"ಅಶ್ವಿನಿಗೆ ಆಗ್ಬೇಕು. ಅವಳು ಆ ಹುಡುಗನ ಫೋನು ಬರ್ಲಿಲ್ಲ ಅಂತ ಊಟ ಬಿಟ್ಟಿದ್ದಾಳೆ. ನಾನು ದೇವರ ಹತ್ತಿರ ಗಂಡು ಸಿಗ್ಲಿ ಅಂತ ಕೇಳುದು. ಮತ್ತೆ ಒಳಗೆ ಬಂದು, ಇವತ್ತು ಸಿಗುದು ಬೇಡ ಅಂತ ಇವಳನ್ನು ಕರೆಯುದು. ನಾನು ಎಂತ ತಾಯಿ ಗಿರಿಜಕ್ಕ?"

ಗಿರಿಜಕ್ಕ ಕೊಡೆಯ ಹಿಡಿಯನ್ನು ತಿರುಗಿಸುತ್ತ ಕುಳಿತಿದ್ದರು. ಅವರ ಮುಖ ನಾನು ಅಲ್ಲಿಯವರೆಗೆ ಕಂಡ ಮುಖವಾಗಿರಲಿಲ್ಲ. ಕೊಡೆಯನ್ನು ಗೋಡೆಗೆ ಒರಗಿಸಿಟ್ಟು, "ಗಂಡು ಉಂಟು," ಎಂದರು.

ನನಗೆ ಆಶ್ಚರ್ಯವಾಯಿತು. ಅಂಥವನು ಯಾರೂ ಸೈಟಿನಲ್ಲಿ ಇರಲಿಲ್ಲ.

"ದಿನಕರ ಅಂತ ಹೆಸರು. ಮೂರನೇ ವರ್ಷದಲ್ಲಿ ಜ್ವರ ಬಂದು ಹೋದವ. ಈಗ ಮೂವತ್ತು ದಾಟಿದೆ. ಜಾತಿ ನಮ್ಮದೇ. ಬರಿ ಬೇರೆ, ನಾನು ಮೊದಲ ದಿವ್ಸವೇ ನೋಡಿದ್ದೇನೆ." ಸ್ವಲ್ಪ ತಡೆದು, "ನನ್ನ ಮಗ," ಎಂದರು.

ಗಿರಿಜಕ್ಕನಿಗೆ ಮಕ್ಕಳಿಲ್ಲ ಎಂದೇ ನಾವೆಲ್ಲ ತಿಳಿದಿದ್ದೆವು. ಗಂಡ ತೀರಿಕೊಂಡ ಮೇಲೆ ಪುತ್ತೂರಿನ ಲೈನು ಮನೆಯೊಂದರಲ್ಲಿ ಒಬ್ಬರೇ ಇದ್ದರು. ಅವರನ್ನು ಯಾರಾದರೂ ಮಕ್ಕಳೆಷ್ಟು ಎಂದು ಕೇಳಿರಬಹುದು. ಕೇಳಿ, ಕಾದವರು ಇರಲಿಲ್ಲ.

ಹಿಂದೆ ಬರುವ ಬಸ್ಸಿನಲ್ಲಿ ನಾನು ಕೇಳಿದೆ, "ಅಷ್ಟು ಜನರಿಗೆ ಮಾಡ್ಸಿದ್ರಿ. ಅವನಿಗೆ ಯಾಕೆ ಇಷ್ಟು ತಡ?"

"ಮದುವೆ ಮಾಡಿದ್ರೆ ಸಮಾಧಾನ ಆಗಿ ಹೋಗ್ತಾರೆ ಅಂತ ಹೇಳ್ತಾರಲ್ಲ," ಎಂದು ಅವರು ಕಿಟಕಿಯ ಹೊರಗೆ ನೋಡಿದರು. "ನಂಗೆ ಅವ ಹೋಗುದು ಬೇಡ ಇತ್ತು. ಒಂದೊಂದು ದಿವ್ಸ ಮನೆಯಲ್ಲಿ ಪಾತ್ರೆ ಸದ್ದಾಗ್ತದೆ. ಸಿಟ್ಟು ಬಂದಿದೆ ಇವನಿಗೆ, ಬೇರೆಯವರಿಗೆಲ್ಲ ಮಾಡಿಸ್ತಾಳೆ ನಂಗೆ ಮಾಡುದಿಲ್ಲ ಅಂತ. ಸಿಟ್ಟಲ್ಲಾದ್ರೂ ಇರ್ಲಿ ಅಂತ ನಾನು ಸುಮ್ಮನೆ ಇದ್ದೆ."

ಆಟಿ ಮುಗಿಯುವ ಮೊದಲೇ ಮದುವೆ ಆಲಂಕಾರಿನ ಮನೆಯಲ್ಲಿ ಮುಸ್ಸಂಜೆಗೆ ನಡೆಯಿತು. ಮದುವೆಯಾಗದವರು ನೋಡಬಾರದೆಂದು ಅಶ್ವಿನಿಯನ್ನು ಪಕ್ಕದ ಮನೆಯಲ್ಲಿ ಕೂರಿಸಿದ್ದರು. ಎರಡು ಮಣೆ. ಒಂದರ ಮೇಲೆ ಗಿರಿಜಕ್ಕ ತಂದ ಸೀರೆ, ಬಳೆ, ಮಲ್ಲಿಗೆ; ಇನ್ನೊಂದರ ಮೇಲೆ ಪಂಚೆ, ಅಂಗಿ, ಶಾಲು. ಹೋದವರ ಮದುವೆಯಲ್ಲಿ ಯಾರೂ ಅಳುವ ಹಾಗಿಲ್ಲ, ಇರುವವರ ಮದುವೆಯ ಹಾಗೆಯೇ ಮಾತಾಡಬೇಕು. "ಮದುಮಗಳದ್ದು ಇನ್ನೂ ಹೊರಟು ಆಗ್ಲಿಲ್ವಾ?" ಎಂದು ಒಬ್ಬರು ಕೇಳಿದರೆ, "ಮದುಮಗನಿಗೆ ಅಂಬರ್ಪಾದ್ರೆ ಅವನೇ ಬಂದು ಜಡೆ ಹಾಕ್ಲಿ," ಎಂದು ಇನ್ನೊಬ್ಬರು. "ಗಿರಿಜಕ್ಕ, ಮಗನ ಮದುವೆಗೂ ದಲ್ಲಾಳಿ ನೀವೇ. ದಲ್ಲಾಳಿಗೆ ಕೊಡುವ ಸೀರೆ ಎರಡೂ ಕಡೆಯಿಂದ ಹೊಡೆದ್ರಿ!" ಎಂದು ಚೆನ್ನಪ್ಪಣ್ಣನ ಅಣ್ಣ ಹೇಳಿದಾಗ ಗಿರಿಜಕ್ಕ ಎಲ್ಲರಿಗಿಂತ ಜೋರಾಗಿ ನಕ್ಕರು. ಮಣೆಯ ಮೇಲಿನ ಅಂಗಿಯ ಕಾಲರು ಮಡಿಸಿಕೊಂಡಿತ್ತು. ನಗುತ್ತಲೇ ಬಗ್ಗಿ ಅದನ್ನು ಸರಿಮಾಡಿದರು. ಆಮೇಲೆ ಆ ಕೈಯನ್ನು ಬೇಗ ತೆಗೆಯಲಿಲ್ಲ.

ಮರುದಿನ ಅಂಗಡಿಗೆ ಬಂದರು. ನಾನು ಪುಟ ತೆಗೆಯಲೇ ಎಂದು ಕೇಳಿದೆ.

"ಬೇಡ. ತಿದ್ದು. ದಿನಕರನ ಹೆಸರು ಸೇರಿಸು. ಮದುವೆ ಆಗಿದೆ ಅಂತ ಬರಿ."

"ನಿಮ್ಮ ಕ್ರಮ?"

"ಕ್ರಮ ಮಾಡಿದವಳು ನಾನೇ ಅಲ್ವಾ ಮಾರಾಯ? ಬರಿ."

ಫೋನು ಕರೆಗಳು ನಿಂತವು. ಅಶ್ವಿನಿಯ ಮದುವೆ ಕಲ್ಲುಗುಂಡಿಯ ಹುಡುಗನೊಂದಿಗೇ ಆಯಿತು, ಕಾಗದ ಅಚ್ಚು ಹಾಕಿದವನು ನಾನು. ವರದಿಯಲ್ಲಿ ಆ ಪುಟಕ್ಕೆ ಮಾತಾಡದೆ ಬರುವವರು ಮಾತ್ರ ಉಳಿದರು. ಮೊದಲಿಗಿಂತ ಸ್ವಲ್ಪ ಹೆಚ್ಚೇ ಆದರು. ಯಾಕೆಂದು ನನಗೆ ಒಂದು ಮಧ್ಯಾಹ್ನ ಗೊತ್ತಾಯಿತು. ಚಹಾ ಹಿಡಿದುಕೊಂಡು ಒಳಗೆ ಬಂದರೆ ಗಿರಿಜಕ್ಕ ಗೋಡೆಗೆ ಮುಖಮಾಡಿ ಕುಳಿತಿದ್ದರು. ಫೋನು ತುಟಿಗೆ ತಾಗುವಷ್ಟು ಹತ್ತಿರ ಇತ್ತು. "ದಿನಕರಾ," ಎನ್ನುತ್ತಿದ್ದರು. ನಾನು ಚಹಾದೊಂದಿಗೆ ಹೊರಗೆ ಹೋಗಿ ಅದು ತಣ್ಣಗಾಗುವವರೆಗೆ ರಸ್ತೆ ನೋಡುತ್ತ ನಿಂತೆ.

ಗಿರಿಜಕ್ಕ ಮರುವರ್ಷದ ಬೇಸಗೆಯಲ್ಲಿ, ನಿದ್ದೆಯಲ್ಲೇ ಹೋದರು. ಕಾಯಿಲೆ ಎಂದು ಮಲಗಿದವರಲ್ಲ. ಕೆಲವು ದಿನ ನಾನು ವರದಿ ತೆರೆಯಲಿಲ್ಲ. ತೆರೆದಾಗ ಮಾತಾಡದೆ ಬರುವವರ ಸಂಖ್ಯೆ ಕಡಿಮೆಯಾಗಿರಬೇಕಿತ್ತು. ಆಗಿರಲಿಲ್ಲ. ಲಲಿತಕ್ಕ ಈಗ ಎರಡೂ ಹೆಸರನ್ನು ಕರೆಯುತ್ತಿರಬಹುದು. ನಾನು ಅವರನ್ನು ಕೇಳಲಿಲ್ಲ.

ಆ ವರ್ಷದ ಆಟಿಯಲ್ಲಿ ಲಲಿತಕ್ಕ ನನ್ನನ್ನು ಮನೆಗೆ ಕರೆದರು. ಹೋದವರಿಗೆ ಬಡಿಸುವ ದಿನ. ಅಶ್ವಿನಿ, ಅವಳ ಗಂಡ ಬಂದಿದ್ದರು. ಒಳಗಿನ ಕೋಣೆಯಲ್ಲಿ ದೀಪದ ಮುಂದೆ ಬಾಳೆ ಎಲೆಗಳನ್ನು ಹಾಕಿದ್ದರು. ಚೆನ್ನಪ್ಪಣ್ಣ ಕೋಳಿ ಪದಾರ್ಥದ ಪಾತ್ರೆ ಹಿಡಿದು ಹರಿಣಾಕ್ಷಿಯ ಎಲೆಯ ಕಡೆ ಬಗ್ಗಿದರು.

"ಅಲ್ಲ, ಅಲ್ಲಿ ಅಲ್ಲ," ಎಂದರು ಲಲಿತಕ್ಕ. "ಮೊದಲು ಅತ್ತೆಗೆ ಬಡಿಸಿ. ಅತ್ತೆಗೆ ಬಡಿಸದೆ ಅವಳು ಉಣ್ತಾಳಾ?"

ಚೆನ್ನಪ್ಪಣ್ಣ ಗಿರಿಜಕ್ಕನ ಎಲೆಗೆ ಬಡಿಸಿದರು. ಆಮೇಲೆ ದೊಡ್ಡ ಮಗಳಿಗೆ, ದೊಡ್ಡ ಅಳಿಯನಿಗೆ. ಲಲಿತಕ್ಕ ನೀರು ಇಟ್ಟು, ಬಾಗಿಲು ಎಳೆದುಕೊಂಡರು. ಅವರು ಉಂಡು ಏಳುವವರೆಗೆ ನಾವೆಲ್ಲ ಜಗಲಿಯಲ್ಲಿ ನಿಂತೆವು.